ವಕ್ರದಂತ ಚಿಕಿತ್ಸಾಲಯ: ನೈರ್ಮಲ್ಯ ಮತ್ತು ರೋಗಿಯ ನೆಮ್ಮದಿ

ಓರೆಕೋರೆ ಹಲ್ಲುಗಳನ್ನು ಬ್ರಾಕೆಟ್ ಮತ್ತು ತಂತಿಗಳಿಂದ ಸಾಲಿಗೆ ತರುವ ಚಿಕಿತ್ಸೆಗೆ ಆಡುಮಾತಿನಲ್ಲಿ ‘ಹಲ್ಲಿಗೆ ಕ್ಲಿಪ್ ಹಾಕಿಸುವುದು’ ಎನ್ನುತ್ತಾರೆ. ಇದು ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ನಡೆಯುತ್ತದೆ. ರೋಗಿ ಕೆಲವು ವಾರಗಳಿಗೊಮ್ಮೆ ಅದೇ ಕುರ್ಚಿಗೆ ಮರಳುವುದರಿಂದ ಅಲ್ಲಿನ ಶುಚಿತ್ವವೂ ಚಿಕಿತ್ಸೆಯ ಭಾಗವೇ.

ಇಕ್ಕಳ, ಕನ್ನಡಿ ಮೊದಲಾದವನ್ನು ತೊಳೆದು, ಒಣಗಿಸಿ, ಪೊಟ್ಟಣದಲ್ಲಿಟ್ಟು ಆಟೋಕ್ಲೇವ್‌ಗೆ ಹಾಕಲಾಗುತ್ತದೆ. ಅಲ್ಲಿ 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕನಿಷ್ಠ 15 ನಿಮಿಷ, ಇಲ್ಲವೇ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಇರಬೇಕು. ಇಕ್ಕಳವನ್ನು ಬಾಯಿ ತೆರೆದೇ ಇಡಬೇಕು. ಮುಚ್ಚಿಟ್ಟರೆ ಕೀಲಿನ ಸಂದಿಗೆ ಹಬೆ ಸರಿಯಾಗಿ ತಲುಪದು. ತೇವ ಉಳಿದರೆ ಅದೇ ಕೀಲು ತುಕ್ಕು ಹಿಡಿಯುತ್ತದೆ. ಕತ್ತರಿಸಿದ ತಂತಿಯ ತುಣುಕು ಕೈಗವಸನ್ನೂ ಚುಚ್ಚಬಲ್ಲದು. ಭಾರತದ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಇಂಥ ಚೂಪು ಲೋಹ ತೂತು ಬೀಳದ ಬಿಳಿ ಡಬ್ಬಿಗೆ ಸೇರಬೇಕು.

ತಂತಿ ಬಿಗಿಸಿದ ಕೆಲವು ಗಂಟೆಗಳಲ್ಲಿ ಶುರುವಾಗುವ ನೋವು ಮರುದಿನ ಹೆಚ್ಚಿ, ವಾರದೊಳಗೆ ಬಹುಮಟ್ಟಿಗೆ ಇಳಿಯುತ್ತದೆ. ಇದನ್ನು ಮೊದಲೇ ತಿಳಿಸಿದರೆ ಮಕ್ಕಳ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ. ಆ ದಿನಗಳಿಗೆ ಮೊಸರನ್ನ, ಗಂಜಿ, ಇಡ್ಲಿಯಂಥ ಮೆತ್ತನೆಯ ಆಹಾರ ಹಿತ. ಕೆನ್ನೆ ಉಜ್ಜುವ ಬ್ರಾಕೆಟ್‌ಗೆ ಮೇಣ ಹಚ್ಚಿಕೊಳ್ಳಬಹುದು. ಬ್ರಾಕೆಟ್ ಸುತ್ತ ಪಾಚಿ ಉಳಿದರೆ ದಂತಕವಚದ ಮೇಲೆ ಬಿಳಿ ಮಚ್ಚೆಗಳು ಮೂಡುತ್ತವೆ. ಹಾಗಾಗಿ ಹಲ್ಲುಜ್ಜುವ ಕ್ರಮವನ್ನು ರೋಗಿಯ ಕೈಯಿಂದಲೇ ಮಾಡಿಸಿ ಕಲಿಸುವುದು ಉತ್ತಮ.