ಇಬ್ನುನ್ನದೀಮ್: ಅನ್ಯರ ವಿಶ್ವಾಸಕ್ಕೂ ನ್ಯಾಯ ಸಲ್ಲಿಸಿದ ಲೇಖನಿ

ಅನ್ಯ ಪಂಥಗಳ ಕುರಿತು ಮಾತನಾಡುವಾಗ ನಾವು ಬಹುತೇಕ ಅವರಿವರು ಹೇಳಿದ್ದನ್ನೇ ನಂಬಿಬಿಡುತ್ತೇವೆ. ಅವರ ಗ್ರಂಥಗಳಲ್ಲಿ ಏನಿದೆಯೆಂದು ವಿಚಾರಿಸುವವರು ವಿರಳ. ಹತ್ತನೆಯ ಶತಮಾನದ ಬಗ್ದಾದಿನ ಇಬ್ನುನ್ನದೀಮ್ ಅಂತಹ ವಿರಳರಲ್ಲೊಬ್ಬರು.

ಗ್ರಂಥಗಳನ್ನು ನಕಲು ಮಾಡಿ ಮಾರುವುದು ಅವರ ವೃತ್ತಿಯಾಗಿತ್ತು. ಹಿಜರಿ 377ರಲ್ಲಿ (ಕ್ರಿ.ಶ. 987) ಅವರು ಅರಬಿ ಗ್ರಂಥಗಳ ಮಹಾಸೂಚಿಯಾದ ‘ಅಲ್ ಫಿಹ್ರಿಸ್ತ್’ ಅನ್ನು ರಚಿಸಿದರು. ಅದರ ಒಂಬತ್ತನೆಯ ಅಧ್ಯಾಯದಲ್ಲಿ ಹರ್ರಾನಿನ ಸಾಬಿಗಳು ಹಾಗೂ ಮಾನಿ, ಬರ್ದೈಸಾನ್, ಮಾರ್ಸಿಯನ್ ಮುಂತಾದವರ ಅನುಯಾಯಿಗಳ ವಿವರಗಳಿವೆ. ಇವುಗಳಲ್ಲಿ ಕೆಲವನ್ನು ಇಂದಿನ ಇತಿಹಾಸಕಾರರು ಗ್ನೋಸ್ಟಿಕ್ ಪಂಥಗಳ ಸಾಲಿಗೆ ಸೇರಿಸುತ್ತಾರೆ. ‘ಗ್ನೋಸಿಸ್’ ಎಂಬ ಗ್ರೀಕ್ ಪದಕ್ಕೆ ಜ್ಞಾನವೆಂದರ್ಥ. ಆತ್ಮವು ಭೌತಿಕ ಜಗತ್ತಿನ ಸೆರೆಯಲ್ಲಿದೆ, ಗೂಢಜ್ಞಾನವೇ ಅದರ ಬಿಡುಗಡೆಯ ದಾರಿ ಎಂಬುದು ಈ ಪಂಥಗಳ ಸಾಮಾನ್ಯ ನಂಬಿಕೆ.

ಕ್ರಿ.ಶ. 216ರಲ್ಲಿ ಜನಿಸಿದ ಮಾನಿಯು ಬೆಳಕು ಮತ್ತು ಕತ್ತಲೆ ಎರಡೂ ಅನಾದಿ ತತ್ವಗಳೆಂದು ಬೋಧಿಸಿದನು. ಎರಡನ್ನೂ ಉಂಟುಮಾಡಿದವನು ಅಲ್ಲಾಹನೊಬ್ಬನೇ ಎನ್ನುವ ಕುರ್‌ಆನಿನ ತೌಹೀದ್‌ಗೆ ಇದು ನೇರ ವಿರುದ್ಧ. ಅಬ್ಬಾಸೀ ಖಲೀಫ ಮಹ್ದಿಯ ಕಾಲದಲ್ಲಿ ‘ಝಿಂದೀಕ್’ ಎಂಬ ಆರೋಪ ಹೊತ್ತು ಅನೇಕರು ಶಿಕ್ಷೆಗೊಳಗಾಗಿದ್ದರು. ಹೀಗಿದ್ದರೂ ಇಬ್ನುನ್ನದೀಮ್ ಆ ಪಂಥದ ಗ್ರಂಥಗಳು, ಉಪವಾಸ, ಪ್ರಾರ್ಥನೆ, ಒಳಜಗಳಗಳನ್ನು ವಿವರವಾಗಿ ದಾಖಲಿಸಿದರು. ಮುಇಝ್ಝುದ್ದೌಲನ ಕಾಲದಲ್ಲಿ ಬಗ್ದಾದಿನಲ್ಲಿ ಆ ಪಂಥದ ಸುಮಾರು 300 ಮಂದಿ ತಮಗೆ ಪರಿಚಿತರಿದ್ದರು, ಈಗ ಐವರೂ ಉಳಿದಿಲ್ಲ ಎಂದೂ ಬರೆದರು.

ಮಾನಿಯ ತಂದೆಯು ಜೌಗುನಾಡಿನ ‘ಮುಗ್ತಸಿಲ’ ಎಂಬ ಸ್ನಾನವ್ರತಿಗಳ ಪಂಥವನ್ನು ಸೇರಿದ್ದನೆಂದೂ, ಆ ಪಂಥದ ನಾಯಕನ ಹೆಸರು ಅಲ್ ಹಸೀಹ್ ಎಂದೂ ಅವರು ತಿಳಿಸಿದ್ದರು. ಯುರೋಪು ಬಹುಕಾಲ ಮಾನಿಯನ್ನು ಅರಿತದ್ದು ಆಗಸ್ಟೀನ್‌ರಂತಹ ವಿರೋಧಿಗಳ ಬರಹಗಳಿಂದ. 1862ರಲ್ಲಿ ಜರ್ಮನ್ ವಿದ್ವಾಂಸ ಗುಸ್ತಾವ್ ಫ್ಲೂಗೆಲ್ ಫಿಹ್ರಿಸ್ತ್‌ನ ಈ ಭಾಗವನ್ನು ಪ್ರಕಟಿಸಿದಾಗ ಚಿತ್ರ ಬದಲಾಯಿತು. 1969ರಲ್ಲಿ ಈಜಿಪ್ಟಿನಿಂದ ಬಂದಿದ್ದ, ಬೆಂಕಿಪೊಟ್ಟಣದಷ್ಟು ಪುಟ್ಟದಾದ ಗ್ರೀಕ್ ಚರ್ಮಪತ್ರದ ಪುಸ್ತಕವೊಂದರ ಹಾಳೆಗಳನ್ನು ಬಿಡಿಸಿ ಓದಲಾಯಿತು. ಮಾನಿಯು ಸ್ನಾನವ್ರತಿಗಳ ನಡುವೆಯೇ ಬೆಳೆದನೆಂದು ಅವನ ಅನುಯಾಯಿಗಳೇ ಅದರಲ್ಲಿ ಬರೆದಿದ್ದರು. ಅಲ್ಲಿ ಆ ಪಂಥದ ಮೂಲಪುರುಷನ ಹೆಸರು ಅಲ್ಖಸಾಯೋಸ್. ಬಗ್ದಾದಿನ ಗ್ರಂಥವ್ಯಾಪಾರಿಯ ಮಾತು ಸುಮಾರು ಸಾವಿರ ವರ್ಷಗಳ ಬಳಿಕ ದೃಢಪಟ್ಟಿತು.

ಒಂದು ಜನತೆಯ ಮೇಲಿನ ದ್ವೇಷವು ನಮ್ಮನ್ನು ಅನ್ಯಾಯಕ್ಕೆ ಒಯ್ಯಬಾರದೆಂದು ಸೂರಃ ಅಲ್ ಮಾಇದಃ ನಮಗೆ ಆದೇಶಿಸಿದೆ. ಅನ್ಯರ ನಂಬಿಕೆಯನ್ನು ಒಪ್ಪದಿರುವುದು ಬೇರೆ, ಅದನ್ನು ತಿರುಚಿ ಹೇಳುವುದು ಬೇರೆ. ನಮ್ಮ ಧರ್ಮವನ್ನು ಇತರರು ತಿರುಚಿ ಹೇಳಿದಾಗ ನಾವು ನೋಯುತ್ತೇವೆ. ಇತರರ ಕುರಿತು ನಾವಾಡುವ ಮಾತಿಗೂ ಅದೇ ಅಳತೆಗೋಲು ಇರಲಿ.