ಮುಂಬಯಿಯ ವಿದ್ಯುತ್ತು, ಮುಳಶಿಯ ನೆಲ, ಭೀಮೆಯ ನೀರು

ಮುಂಬಯಿಯ ಹತ್ತಿಗಿರಣಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲಿದ್ದಲನ್ನು ನಂಬಿ ಬೆಳೆದುವು. ಗಣಿಗಳು ದೂರವಿದ್ದುದರಿಂದ ಸಾಗಣೆಯ ವೆಚ್ಚ ಅಧಿಕವಾಗಿತ್ತು. ಪರಳ, ಲಾಲಬಾಗಗಳ ಆಕಾಶ ಹೊಗೆಯಿಂದ ಮಸುಕಾಗಿತ್ತು. ಸಹ್ಯಾದ್ರಿಯ ಮಳೆನೀರಿನಿಂದ ವಿದ್ಯುತ್ತನ್ನು ಪಡೆಯಬೇಕೆಂಬ ಜಮ್‌ಶೇಟ್‌ಜಿ ಟಾಟಾ ಅವರ ಹಂಬಲವು ಅವರು 1904ರಲ್ಲಿ ತೀರಿಕೊಂಡ ತರುವಾಯ ಕೈಗೂಡಿತು. 1910ರಲ್ಲಿ ಕಂಪನಿ ಸ್ಥಾಪಿತವಾಗಿ, 1915ರಲ್ಲಿ ಖೋಪೋಲಿಯಿಂದ ಮುಂಬಯಿಗೆ ವಿದ್ಯುತ್ತು ಬಂದಿತು. ಲೋಣಾವಳೆಯ ಜಲಾಶಯಗಳ ನೀರು ಕೊಳವೆಗಳಲ್ಲಿ ಸುಮಾರು 1,700 ಅಡಿ ಕೆಳಕ್ಕಿಳಿದು ಯಂತ್ರಚಕ್ರಗಳನ್ನು ತಿರುಗಿಸಿತು. 1922ರಲ್ಲಿ ಭಿವಪುರಿ, 1927ರಲ್ಲಿ ಭೀರಾ ಕೇಂದ್ರಗಳು ಇದಕ್ಕೆ ಜೊತೆಗೂಡಿದುವು. ಗಿರಣಿಗಳಿಗೆ ನೆಚ್ಚಬಹುದಾದ ಶಕ್ತಿಯೂ, ನಗರಕ್ಕೆ ಅಷ್ಟರಮಟ್ಟಿಗೆ ಹೊಗೆಯಿಂದ ಬಿಡುಗಡೆಯೂ ದೊರೆತುವೆಂಬುದು ಈ ಲೆಕ್ಕದ ಜಮೆಯ ಭಾಗ.

ಖರ್ಚಿನ ಭಾಗವು ಘಟ್ಟದ ಮೇಲೆ ಬಿದ್ದಿತು. ಭೀರಾ ಕೇಂದ್ರಕ್ಕೆ ನೀರೊದಗಿಸಲು ಪುಣೆ ಜಿಲ್ಲೆಯ ಮುಳಶಿಯಲ್ಲಿ ಅಣೆಕಟ್ಟು ಆರಂಭವಾದಾಗ, ಆಂಬೆಮೊಹರ ಭತ್ತ ಬೆಳೆಯುತ್ತಿದ್ದ ಮಾವಳರ ಸುಮಾರು 50 ಹಳ್ಳಿಗಳ ಭೂಮಿ ಅಪಾಯಕ್ಕೀಡಾಯಿತು. 1921ರ ರಾಮನವಮಿಯಂದು ರೈತರು ಸತ್ಯಾಗ್ರಹ ಹೂಡಿದರು. ಇದರ ಮುಂದಾಳಾದ ಪಾಂಡುರಂಗ ಮಹಾದೇವ ಬಾಪಟರು ಸೆರೆಮನೆ ಸೇರಿದರು. ‘ಸೇನಾಪತಿ’ ಎಂಬ ಬಿರುದು ಅವರಿಗೆ ಈ ಹೋರಾಟದಿಂದಲೇ ಬಂದಿತು. ಕೆಲಸ ಕೆಲಕಾಲ ನಿಂತು ಪುನಃ ನಡೆಯಿತು. ಹಲವು ಹೊಲಗಳು ಸಾಹುಕಾರರಲ್ಲಿ ಅಡವಾಗಿದ್ದುವು. ಹಣದ ಪರಿಹಾರವು ಸಾಲಕೊಟ್ಟವನಿಗೆ ಒಪ್ಪಿಗೆಯಾಗಬಹುದಾಗಿತ್ತು, ಉಳುವವನಿಗೆ ಅದು ನೆಲದ ಬದಲಾಗಲಿಲ್ಲ. 1924ರ ವೇಳೆಗೆ ಹೋರಾಟ ಕೊನೆಗೊಂಡಿತು, ಹೊಲಗಳು ಮುಳುಗಿದುವು.

ಇನ್ನೊಂದು ಖರ್ಚು ಕನ್ನಡನಾಡಿಗೂ ಸಂಬಂಧಿಸಿದುದು. ಮುಳಾ, ಇಂದ್ರಾಯಣಿಗಳ ನೀರು ಸಹಜವಾಗಿ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರತಕ್ಕದ್ದು. ಭೀಮೆಯಾದರೋ ವಿಜಯಪುರ, ಕಲಬುರಗಿಗಳ ಒಣನೆಲವನ್ನು ಹಾಯ್ದು ಕೃಷ್ಣೆಯನ್ನು ಕೂಡುವಳು. ವಿದ್ಯುತ್ತಿಗಾಗಿ ಪಶ್ಚಿಮಕ್ಕೆ ತಿರುಗಿಸಿದ ನೀರು ಕೊಂಕಣದ ಊರು, ಕಾರ್ಖಾನೆಗಳಿಗೆ ಒದಗಿತಾದರೂ ಭೀಮೆಗೆ ಮರಳಲಿಲ್ಲ. 1973ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ಈ ತಿರುವಿಗೆ ಮಿತಿಯನ್ನು ಗೊತ್ತುಪಡಿಸಿತು.

ಆದುದರಿಂದ ಜಲವಿದ್ಯುತ್ತು ಲಾಭಕರವಲ್ಲವೆಂದು ಹೇಳುವಂತಿಲ್ಲ. ಲಾಭ ಒಂದು ಊರಿನಲ್ಲಿ, ನಷ್ಟ ಇನ್ನೊಂದು ಊರಿನಲ್ಲಿ ಬರೆಯಲ್ಪಟ್ಟುದರಿಂದ ಎರಡನ್ನೂ ಕೂಡಿಸಿ ನೋಡುವವರಿಲ್ಲವಾದರು ಎಂಬುದೇ ಮುಳಶಿಯ ಪಾಠ. ಇಂದು ಬಿಸಿಲು, ಗಾಳಿಗಳಿಂದ ವಿದ್ಯುತ್ತನ್ನು ಪಡೆಯುವ ಯೋಜನೆಗಳು ವಿಶಾಲ ಭೂಮಿಯನ್ನು ಬೇಡುತ್ತಿವೆ. ಬಿಸಿಲು ತೀರದು, ಗಾಳಿಯೂ ತೀರದು. ಆದರೆ ರೈತನ ಎಕರೆಗಳು ಎಣಿಕೆಯವು. ಅವುಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿಯುವುದು ನ್ಯಾಯ.