ಹುತಾತ್ಮರು ಮತ್ತು ಬಲಿಯಾದವರು: ತೆರೆಯ ಮೇಲಿನ ಗೋಲಿಬಾರ್‌ ಹಾಗೂ ಅದರ ನೋಡುಗರು

2016ರ ಸೆಪ್ಟೆಂಬರ್ 12. ಕಾವೇರಿ ನೀರಿನ ಕುರಿತ ಸುಪ್ರೀಂ ಕೋರ್ಟ್ ಆದೇಶದ ಬೆನ್ನಿಗೇ ಬೆಂಗಳೂರಿನ ಪಶ್ಚಿಮ ಭಾಗ ಹೊತ್ತಿ ಉರಿಯಿತು. ನಾಯಂಡಹಳ್ಳಿ ಬಳಿಯ ಖಾಸಗಿ ಡಿಪೋದಲ್ಲಿ ನಿಂತಿದ್ದ ಹತ್ತಾರು ಬಸ್ಸುಗಳು ಬೂದಿಯಾದವು. ಹೆಗ್ಗನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಯುವಕನೊಬ್ಬ ಸತ್ತ. ರಾತ್ರಿಯ ಹೊತ್ತಿಗೆ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಜಾರಿಯಾಯಿತು. ವಿಜಯನಗರ, ಚಂದ್ರಾ ಲೇಔಟ್, ಕಾಮಾಕ್ಷಿಪಾಳ್ಯ ಠಾಣೆಗಳೂ ಆ ಪಟ್ಟಿಯಲ್ಲಿದ್ದವು. ಇವುಗಳ ನಡುವೆ ಇರುವ ಮೂಡಲಪಾಳ್ಯದಂಥ ಬಡಾವಣೆಗೆ ಬೀದಿ ಮುಚ್ಚಿದರೆ ಉಳಿಯುವುದು ಟಿವಿಯೊಂದೇ. ಕೂಗಳತೆ ದೂರದ ಬೆಂಕಿಯನ್ನು ಜನ ನೋಡಿದ್ದು ಮನೆಯ ತೆರೆಯ ಮೇಲೆ.

ಅದು ಭಾಷೆ ಮತ್ತು ನೀರಿನ ಜಗಳ, ಕೋಮುಗಲಭೆಯಲ್ಲ. ಆದರೂ ಈ ಲೇಖನದ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ಗಲಭೆಯ ನಡುವೆ ಪೊಲೀಸರ ಗುಂಡಿಗೆ ಸತ್ತವರನ್ನು ತೆರೆಯ ಮೇಲೆ ಕಂಡಾಗ ನೋಡುಗರ ಅಭಿಪ್ರಾಯ ಎಲ್ಲಿ ರೂಪುಗೊಳ್ಳುತ್ತದೆ? ದೃಶ್ಯದಲ್ಲೇ, ಅಥವಾ ದೃಶ್ಯ ಕಾಣುವುದಕ್ಕೂ ಮೊದಲು ಕಿವಿಗೆ ಬಿದ್ದ ಪದದಲ್ಲೇ?

ಪೊಲೀಸರು ಜನರ ಮೇಲೆ ಗುಂಡು ಹಾರಿಸುವುದಕ್ಕೆ ಕನ್ನಡದಲ್ಲಿ 'ಗೋಲಿಬಾರ್' ಎಂಬ ಹಳೆಯ ಪದವಿದೆ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಹಾರಿತು. ಅಲ್ಲಿ ಸತ್ತವರೆಲ್ಲ 'ಹುತಾತ್ಮರು'. ವಿದುರಾಶ್ವತ್ಥದಲ್ಲಿ ಸ್ಮಾರಕವಿದೆ, ನರಗುಂದದವರಿಗೆ ವರ್ಷ ವರ್ಷವೂ ಜುಲೈ 21ರಂದು ನಮನ ಸಲ್ಲುತ್ತದೆ. ಕೋಮುಗಲಭೆಯ ಸಾವಿಗೆ ಬಂದರೆ ಶೀರ್ಷಿಕೆಯೇ ಬದಲಾಗುತ್ತದೆ: 'ಗೋಲಿಬಾರ್‌ಗೆ ಇಬ್ಬರು ಬಲಿ'. ಆ ವಾಕ್ಯದಲ್ಲಿ ಗುಂಡು ಹಾರಿಸಿದವನೂ ಇಲ್ಲ, ಹಾರಿಸಲು ಹೇಳಿದವನೂ ಇಲ್ಲ. 'ಕೊಂದರು' ಎಂಬ ಸಕರ್ಮಕ ಕ್ರಿಯಾಪದ ಬರಬೇಕಾದ ಜಾಗದಲ್ಲಿ 'ಬಲಿ' ಬಂದು ಕೂತಿರುತ್ತದೆ. ನೋಡುಗರ ಅಭಿಪ್ರಾಯವನ್ನು ಅಳೆಯಲು ಹೊರಟವರು ಮೊದಲು ಈ ವ್ಯಾಕರಣವನ್ನು ಓದಬೇಕು.

ಬೆಂಗಳೂರಿನಲ್ಲಂತೂ ಟಿವಿ ಗಲಭೆಯ ವರದಿಗಾರ ಮಾತ್ರವಾಗಿರಲಿಲ್ಲ, ಒಮ್ಮೆ ಗಲಭೆಯ ಕಾರಣವೇ ಆಗಿತ್ತು. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿತು. ವೀರಪ್ಪ ಮೊಯಿಲಿ ಮುಖ್ಯಮಂತ್ರಿ, ವಿಧಾನಸಭಾ ಚುನಾವಣೆ ಹೊಸ್ತಿಲಲ್ಲಿತ್ತು. ಭಾಷೆಯ ಹೆಸರಿನಲ್ಲಿ ಎದ್ದ ಪ್ರತಿಭಟನೆ ಕೆಲವೇ ದಿನಗಳಲ್ಲಿ ಕೋಮುಗಲಭೆಯಾಯಿತು. ಇರಿತಕ್ಕೂ ಗೋಲಿಬಾರ್‌ಗೂ ಸೇರಿ ಸುಮಾರು 25 ಜೀವ ಹೋದವು, ವಾರ್ತೆ ನಿಂತಿತು. ಇದು ಭಾಷಿಕ ಗಲಭೆಯೋ ಕೋಮುಗಲಭೆಯೋ ಎಂದು ಅಸ್ಗರ್ ಅಲಿ ಎಂಜಿನಿಯರ್ ಅದೇ ತಿಂಗಳು 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಕೇಳಿದರು. ಉದಯ ಟಿವಿ ಶುರುವಾಗಿ ಆಗಿನ್ನೂ ನಾಲ್ಕು ತಿಂಗಳು. ಬಹುಪಾಲು ಮನೆಗಳಲ್ಲಿ ಟಿವಿ ಎಂದರೆ ದೂರದರ್ಶನವೇ, ಅಂದರೆ ಸರ್ಕಾರವೇ. ಹೀಗಾಗಿ ಆ ಹತ್ತು ನಿಮಿಷದ ಬಗ್ಗೆ ಜನ ತಳೆದ ಅಭಿಪ್ರಾಯ ಒಂದು ಕಾರ್ಯಕ್ರಮದ ಬಗೆಗಿನ ಅಭಿಪ್ರಾಯವಾಗಿ ಉಳಿಯಲಿಲ್ಲ. ಸರ್ಕಾರ ಯಾರದ್ದು ಎಂಬ ಜಗಳವಾಗಿ ಅದು ಬೀದಿಗಿಳಿಯಿತು.

ಇದಕ್ಕೆ ಆರು ವರ್ಷ ಮೊದಲು ನ್ಯಾಯಾಲಯವೇ ನೋಡುಗನ ಬಗ್ಗೆ ತೀರ್ಪು ಕೊಟ್ಟಿತ್ತು. ಭೀಷ್ಮ ಸಾಹನಿಯವರ ಕಾದಂಬರಿ ಆಧರಿಸಿ ಗೋವಿಂದ ನಿಹಲಾನಿ ನಿರ್ದೇಶಿಸಿದ, ದೇಶವಿಭಜನೆಯ ಹೊತ್ತಿನ ಕೋಮುಗಲಭೆಯ ಕಥೆ ಹೇಳುವ 'ತಮಸ್' ಧಾರಾವಾಹಿ 1988ರ ಜನವರಿಯಲ್ಲಿ ದೂರದರ್ಶನದಲ್ಲಿ ಪ್ರಸಾರವಾಗತೊಡಗಿತು. ಪ್ರತಿಭಟನೆಗಳು ನಡೆದವು, ನಿಹಲಾನಿಯವರಿಗೆ ಪೊಲೀಸ್ ರಕ್ಷಣೆ ಬೇಕಾಯಿತು. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಲೆಂಟಿನ್ ಮತ್ತು ಸುಜಾತಾ ಮನೋಹರ್ ಧಾರಾವಾಹಿಯನ್ನು ತಾವೇ ಕೂತು ನೋಡಿದರು, ತಡೆ ಬೇಡವೆಂದರು. ಫೆಬ್ರವರಿ 16ರಂದು ಸುಪ್ರೀಂ ಕೋರ್ಟಿನ ಸಬ್ಯಸಾಚಿ ಮುಖರ್ಜಿ ಮತ್ತು ಎಸ್. ರಂಗನಾಥನ್ ಅವರ ಪೀಠವೂ ತಡೆಯಲಿಲ್ಲ. ಅವರು ಹಿಡಿದ ಅಳತೆಗೋಲು ನ್ಯಾಯಮೂರ್ತಿ ವಿವಿಯನ್ ಬೋಸ್ ಹಿಂದೊಮ್ಮೆ ಹಾಕಿಕೊಟ್ಟದ್ದು: ಎಲ್ಲದರಲ್ಲೂ ಅಪಾಯ ಕಾಣುವ ಅಳ್ಳೆದೆಯವನಲ್ಲ, ಗಟ್ಟಿ ಮನಸ್ಸಿನ ವಿವೇಕಿಯೇ ಪ್ರಮಾಣ. ಪ್ರೇಕ್ಷಕನ ಮೇಲೆ ಇಷ್ಟು ನಂಬಿಕೆ ಇಟ್ಟ ಮಾತು ನಮ್ಮ ಕಾನೂನಿನಲ್ಲಿ ಅಪರೂಪ.

ಆದರೆ 'ತಮಸ್' ತೋರಿಸಿದ ಅಪರಾಧ ಕೈಕಟ್ಟಿ ಕೂತ ಆಡಳಿತದ್ದು. ಊರು ಉರಿಯುವಾಗ ಬ್ರಿಟಿಷ್ ಅಧಿಕಾರಿ ಸುಮ್ಮನಿರುತ್ತಾನೆ. ತಾವೇ ಕೈಮಾಡಿದ ಪೊಲೀಸರ ಕಥೆ ತೆರೆಯ ಹೊರಗಿತ್ತು, ಅದೂ ತೀರಾ ಹತ್ತಿರದಲ್ಲಿ. ಪ್ರಸಾರಕ್ಕೆ ಎಂಟು ತಿಂಗಳು ಮುಂಚೆ, 1987ರ ಮೇ 22ರಂದು, ಮೀರತ್‌ನ ಹಾಶಿಂಪುರದ ಮುಸ್ಲಿಮರನ್ನು ಉತ್ತರ ಪ್ರದೇಶದ ಪಿಎಸಿ ಎಂಬ ಸಶಸ್ತ್ರ ಪೊಲೀಸ್ ಪಡೆ ಲಾರಿಗೆ ತುಂಬಿ ಒಯ್ದು ಕೊಂದಿತ್ತು. 16 ಮಂದಿ ಸಿಬ್ಬಂದಿಗೆ ದೆಹಲಿ ಹೈಕೋರ್ಟ್ ಶಿಕ್ಷೆ ವಿಧಿಸಿದ್ದು 2018ರಲ್ಲಿ, 31 ವರ್ಷಗಳ ಬಳಿಕ. ಹತ್ಯೆ ನಡೆದಾಗ ಗಾಜಿಯಾಬಾದ್‌ನ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದ ವಿಭೂತಿ ನಾರಾಯಣ ರಾಯ್ ಮುಂದೆ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯ ಫೆಲೋಶಿಪ್ ಪಡೆದು, ಗಲಭೆಯ ಹೊತ್ತಿನಲ್ಲಿ ಜನ ಪೊಲೀಸರನ್ನು ಹೇಗೆ ಕಾಣುತ್ತಾರೆ ಎಂದು ಅಧ್ಯಯನ ಮಾಡಿದರು. ಬಹುಸಂಖ್ಯಾತರ ಕಣ್ಣಿಗೆ ಪೊಲೀಸ್ ಮಿತ್ರ, ಅಲ್ಪಸಂಖ್ಯಾತರ ಕಣ್ಣಿಗೆ ಶತ್ರು ಎಂಬುದು ಅವರು ಕಂಡ ಸಂಗತಿ. ಹಾಗಿದ್ದರೆ ನ್ಯಾಯಾಲಯ ಕಲ್ಪಿಸಿಕೊಂಡ ಗಟ್ಟಿ ಮನಸ್ಸಿನ ಆ ಒಬ್ಬ ನೋಡುಗ ವಾಸ್ತವದಲ್ಲಿ ಇಬ್ಬರು. ಮೂಡಲಪಾಳ್ಯದ ಮನೆಯೊಂದರಲ್ಲಿ ಮತ್ತು ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ, ಮುಸ್ಲಿಮರು ಹೆಚ್ಚಿರುವ ಪಾದರಾಯನಪುರದ ಮನೆಯೊಂದರಲ್ಲಿ ಓಡುವ ದೃಶ್ಯ ಒಂದೇ ಇರಬಹುದು, ಖಾಕಿ ಕಂಡಾಗ ಎದೆಯಲ್ಲಿ ಏಳುವ ಭಾವ ಒಂದೇ ಇರಬೇಕಿಲ್ಲ.

ಬ್ರಿಟನ್ನಿನ ಒಂದು ಉದಾಹರಣೆ ಇಲ್ಲಿ ನೆನೆಯತಕ್ಕದ್ದು. ಉತ್ತರ ಐರ್ಲೆಂಡಿನಲ್ಲಿ 1982ರ ಕೊನೆಯಲ್ಲಿ ಪೊಲೀಸರು ಆರು ಜನರನ್ನು ಕೊಂದ ಪ್ರಕರಣವನ್ನೂ ಅದರ ತನಿಖೆಗೆ ಬಂದ ಜಾನ್ ಸ್ಟಾಕರ್ ಎಂಬ ಅಧಿಕಾರಿಯನ್ನು ಮಧ್ಯದಲ್ಲೇ ಕೈಬಿಟ್ಟದ್ದನ್ನೂ ಪೀಟರ್ ಕೊಸ್ಮಿನ್ಸ್ಕಿ 'ಶೂಟ್ ಟು ಕಿಲ್' ಎಂಬ ನಾಟಕವಾಗಿಸಿದರು. 1990ರಲ್ಲಿ ಅದು ಬ್ರಿಟಿಷ್ ಟಿವಿಯಲ್ಲಿ ಬಂತು. ಸಾವು ನಡೆದ ಉತ್ತರ ಐರ್ಲೆಂಡಿನಲ್ಲಿ ಮಾತ್ರ ಪ್ರಸಾರವಾಗಲಿಲ್ಲ. ಯಾರ ಅಭಿಪ್ರಾಯ ಎಲ್ಲಕ್ಕಿಂತ ಮುಖ್ಯವೋ ಅವರಿಗೇ ತೆರೆ ಮುಚ್ಚಿತ್ತು.

ಕರ್ನಾಟಕದಲ್ಲಿ ತೆರೆ ಮುಚ್ಚುವ ಪ್ರಮೇಯವೇ ಬರಲಿಲ್ಲ, ಏಕೆಂದರೆ ನಾಟಕದ ಜಾಗದಲ್ಲಿ ತುಣುಕು ದೃಶ್ಯಗಳಿದ್ದವು. 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಮಂಗಳೂರಿನಲ್ಲಿ ಗೋಲಿಬಾರ್‌ಗೆ ಇಬ್ಬರು ಸತ್ತರು. ಪೊಲೀಸರು ಸಿಸಿಟಿವಿ ದೃಶ್ಯ ಬಿಡುಗಡೆ ಮಾಡಿ ಕಲ್ಲು ತೂರಿದವರನ್ನು ತೋರಿಸಿದರು. 2020ರ ಜನವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿ 35 ತುಣುಕುಗಳನ್ನು ಬಿಡುಗಡೆ ಮಾಡಿ ಪೊಲೀಸರನ್ನು ತೋರಿಸಿದರು. ಫೆಬ್ರವರಿಯಲ್ಲಿ ಹೈಕೋರ್ಟ್ 21 ಆರೋಪಿಗಳಿಗೆ ಜಾಮೀನು ಕೊಡುತ್ತಾ ಪೊಲೀಸರ ನಡೆಯನ್ನು ಪ್ರಶ್ನಿಸಿತು, ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಒಂದೇ ಮಧ್ಯಾಹ್ನದ ದೃಶ್ಯಗಳು ಎರಡು ಕಥೆಗಳಾದವು. ನೋಡುಗರು ತಮಗೆ ಮೊದಲೇ ಗೊತ್ತಿದ್ದ ಕಥೆಯನ್ನು ಆರಿಸಿಕೊಂಡರು.

ತುಣುಕು ದೃಶ್ಯದ ಮಿತಿ ಇದೇ. ಕಲ್ಲು ಬಿದ್ದ ಕ್ಷಣ ಅದರಲ್ಲಿರುತ್ತದೆ, ಲಾಠಿ ಎತ್ತಿದ ಕ್ಷಣವಿರುತ್ತದೆ. ಸತ್ತವನು ಆ ಬೆಳಿಗ್ಗೆ ಮನೆಯಿಂದ ಹೊರಟದ್ದು ಇರುವುದಿಲ್ಲ, ಗುಂಡು ಹಾರಿಸಿದ ಪೇದೆ ಆ ರಾತ್ರಿ ಮನೆಗೆ ಹೋದದ್ದೂ ಇರುವುದಿಲ್ಲ. ಆ ಎರಡು ಮನೆಗಳ ಒಳಗೆ ನೋಡುಗರನ್ನು ಕರೆದೊಯ್ಯುವ ಶಕ್ತಿ ಧಾರಾವಾಹಿಗಿದೆ. ಸಂಸಾರದ ಒಳಮನೆಯನ್ನು ವರ್ಷಗಟ್ಟಲೆ ಬಿಡದೆ ತೋರಿಸಿ ಪಳಗಿದ ಕನ್ನಡ ಧಾರಾವಾಹಿಗೆ ಅದು ಇನ್ನೂ ಚೆನ್ನಾಗಿ ಒಗ್ಗುವ ಕೆಲಸ. ಮಂಗಳೂರಿನಲ್ಲಿ ಸತ್ತ ಇಬ್ಬರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರವನ್ನು ರಾಜ್ಯ ಸರ್ಕಾರ ಮೊದಲು ಘೋಷಿಸಿತು. ಕೆಲವೇ ದಿನಗಳಲ್ಲಿ, ತನಿಖೆ ಮುಗಿಯುವವರೆಗೆ ಕೊಡುವುದಿಲ್ಲವೆಂದು ತಡೆಹಿಡಿಯಿತು. ಆ ಎರಡು ಪ್ರಕಟಣೆಗಳ ನಡುವಿನ ದಿನಗಳಲ್ಲಿ ಆ ಮನೆಗಳಲ್ಲಿ ಏನು ಮಾತಾಯಿತು ಎಂಬುದು ಬಿಡುಗಡೆಯಾದ ಯಾವ ತುಣುಕಿನಲ್ಲೂ ಇಲ್ಲ.